ಕಾಲು ಸುತ್ತಿನ ಲೆಕ್ಕ

ಸಿಲ್ವರ್ ಓಕ್ ಬೊಡ್ಡೆಯನ್ನು ಅರ್ಧದಷ್ಟು ಕೊಯ್ದಾಗಿತ್ತು. ಇದ್ದಕ್ಕಿದ್ದಂತೆ ಗರಗಸದ ದನಿ ತೆಳುವಾಯಿತು, ಕೀರಲಾಯಿತು, ಕುಕ್ಕರ್ ಕೂಗುವ ಹಾಗೆ ಮೇಲೇರಿತು. ಮರುಕ್ಷಣ ಎಲ್ಲವೂ ಸ್ತಬ್ಧ. ಚೈನು ಮರದೊಳಗೆ ಕಚ್ಚಿಕೊಂಡೇ ಇತ್ತು. ಸ್ಟಾರ್ಟ್ ಮಾಡುವ ಹಗ್ಗವನ್ನು ಎಳೆದರೆ ಗೋಡೆಗೆ ಕಟ್ಟಿದ ಹಗ್ಗ ಎಳೆದಂತಾಯಿತು. ತೋಟದಲ್ಲಿ ಹಲವು ವರ್ಷಗಳಿಂದ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮಾಡುತ್ತಿರುವ ಹಿರಿಯ ಆಳು ಯಂತ್ರದ ಮೇಲೆ ಕೈಯಿಟ್ಟು ತಟ್ಟನೆ ತೆಗೆದರು. "ಅಮ್ಮಾ, ಬೆಂಕಿಯ ಹಾಗೆ ಸುಡುತ್ತಿದೆ" ಎಂದರು.

ಚಿಕ್ಕಮಗಳೂರು ಜಿಲ್ಲೆಯ ಬಣಕಲ್ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಮಾವನವರು ತೀರಿಕೊಂಡ ಮೇಲೆ ತೋಟದ ಹೊಣೆ ನನ್ನ ಹೆಗಲಿಗೆ ಬಂತು, ಅದರ ಜೊತೆಗೆ ಅವರ ಪೆಟ್ರೋಲ್ ಗರಗಸವೂ ಬಂತು. ಹೂಮಳೆ ಬಿದ್ದು ಮುಂಗಾರು ಹಿಡಿಯುವುದರೊಳಗೆ ನೆರಳು ಮರಗಳ ಕೊಂಬೆ ಇಳಿಸಿ ಗಿಡಗಳಿಗೆ ಬೆಳಕು ಬಿಡಬೇಕು. ಆ ಎರಡು ತಿಂಗಳು ಗರಗಸ ಕೈಕೊಟ್ಟರೆ ಕೆಲಸವೆಲ್ಲ ಹಿಂದೆ ಬೀಳುತ್ತದೆ. ಮಳೆಗಾಲದಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು. ಗಾಳಿಗೆ ದಾರಿಗಡ್ಡ ಬಿದ್ದ ಮರವನ್ನು ತೆಗೆಯಲು ಯಾರಾದರೂ ಬರಲಿ ಎಂದು ಕಾಯುತ್ತ ಕೂರುವ ಊರು ನಮ್ಮದಲ್ಲ.

ಆ ದಿನ ಗರಗಸ ಸೀಜ್ ಆಗಿದ್ದು, ಅಂದರೆ ಎಂಜಿನ್ ಒಳಗೇ ಕಚ್ಚಿಕೊಂಡು ನಿಂತಿದ್ದು, ನನ್ನಿಂದಲೇ. ಅದಕ್ಕೆ ಕಾರಣವಾದ ಒಂದೊಂದು ಹೆಜ್ಜೆಯೂ ಆಗ ನನಗೆ ಸರಿಯೆಂದೇ ಕಂಡಿತ್ತು. ಹಾಗಾಗಿ ನಡೆದದ್ದನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ.

ಮಾರ್ಚ್ ಕೊನೆಯ ವಾರದಿಂದ ಯಂತ್ರ ಹೊಗೆ ಉಗುಳತೊಡಗಿತ್ತು. ಕೊಯ್ಯುವವರ ಕಣ್ಣು ಉರಿಯುತ್ತಿತ್ತು, ಎಂಜಿನ್ ಎಳೆಯುತ್ತಲೇ ಇರಲಿಲ್ಲ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಪಕ್ಕದಲ್ಲಿ ಎಲ್, ಎಚ್ ಎಂದು ಬರೆದ ಎರಡು ಪುಟ್ಟ ಸ್ಕ್ರೂಗಳಿವೆ. ಎಚ್ ಸ್ಕ್ರೂವನ್ನು ಬಲಕ್ಕೆ, ಅಂದರೆ ಒಳಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಹೊಗೆ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಅರ್ಧ ಸುತ್ತು ತಿರುಗಿಸಿದೆ. ಹೊಗೆ ಮಾಯವಾಯಿತು. ದನಿ ಚೂಪಾಯಿತು, ಗರಗಸ ಬೆಣ್ಣೆ ಕೊಯ್ದಂತೆ ಮರ ಕೊಯ್ಯಿತು. ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಸಂಜೆ ಮನೆಗೆ ಬಂದು ಎಲ್ಲರಿಗೂ ಹೇಳಿದ್ದೆ. ನಾಲ್ಕನೆಯ ದಿನ ಯಂತ್ರ ಬೊಡ್ಡೆಯ ನಡುವೆ ಕಚ್ಚಿ ನಿಂತಿತು.

ಮೂಡಿಗೆರೆಯಲ್ಲಿ ಕಳೆ ಹೊಡೆಯುವ ಯಂತ್ರ, ಸ್ಪ್ರೇಯರ್, ಗರಗಸಗಳನ್ನು ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಗೆ ಒಯ್ದೆ. ಆ ಮೆಕ್ಯಾನಿಕ್ ನನಗಿಂತ ಚಿಕ್ಕವರು, ಮಾತು ಕಡಿಮೆ. ಅವರು ಸ್ಕ್ರೂ ಕಡೆಗೆ ಕಣ್ಣೂ ಹಾಯಿಸಲಿಲ್ಲ. ಮೊದಲು ಹಗ್ಗದ ಹಿಡಿಯನ್ನು ಹಿಡಿದು ಯಂತ್ರವನ್ನು ತೂಗುಬಿಟ್ಟರು. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಚೆನ್ನಾಗಿದ್ದರೆ ಯಂತ್ರ ತನ್ನ ಭಾರಕ್ಕೆ ತಡೆದು ತಡೆದು ನಿಧಾನವಾಗಿ ಇಳಿಯಬೇಕು. ತಣ್ಣಗಾಗಿ ಬಿಟ್ಟುಕೊಂಡಿದ್ದ ನಮ್ಮ ಯಂತ್ರ ಸರ್ರೆಂದು ಜಾರಿತು. ಆಮೇಲೆ ಎರಡು ಬೋಲ್ಟ್ ಬಿಚ್ಚಿ ಸೈಲೆನ್ಸರ್ ತೆಗೆದು, ಹೊಗೆ ಹೋಗುವ ಕಿಂಡಿಗೆ ಟಾರ್ಚ್ ಹಿಡಿದು "ನೋಡಿ ಅಕ್ಕಾ" ಎಂದರು.

ಕಿಂಡಿಯೊಳಗೆ, ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಒಂದು ಮೈ ಕಾಣುತ್ತಿತ್ತು. ಕನ್ನಡಿಯಂತೆ ನುಣುಪಾಗಿರಬೇಕಾದ ಆ ಬೆಳ್ಳಿ ಬಣ್ಣದ ಲೋಹದ ಮೇಲೆ ಮೇಲಿನಿಂದ ಕೆಳಗೆ ನೇರವಾದ ಗೀರುಗಳು. ಪಾತ್ರೆಯ ತಳವನ್ನು ಮರಳು ಹಾಕಿ ಉಜ್ಜಿದರೆ ಬೀಳುವಂಥ ಗೀರುಗಳಲ್ಲ, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಕೆಲವೆಡೆ ಲೋಹ ಕರಗಿ ಮೆತ್ತಿಕೊಂಡಿತ್ತು. ಅವರು ಕಡ್ಡಿಯ ತುದಿಯಿಂದ ಗೀರನ್ನು ಮುಟ್ಟಿ ತೋರಿಸಿದರು. "ಎಣ್ಣೆ ಸಿಗದೆ ಒಣಗಿ ಓಡಿದ ಎಂಜಿನ್ ಇದು. ಫಿಲ್ಟರ್ ತೊಳೆದವರು ಯಾರು?"

ಆ ಪ್ರಶ್ನೆ ಎಲ್ಲಿಂದ ಬಂತು ಎಂದು ನನಗೆ ಆಗ ಹೊಳೆಯಲಿಲ್ಲ. ಏರ್ ಫಿಲ್ಟರನ್ನು ಹಿಂದಿನ ದಿನವಷ್ಟೇ ನಮ್ಮ ಹಿರಿಯ ಆಳು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಹಾಕಿದ್ದರು. ಹೊಟ್ಟು ತುಂಬಿ ಗಟ್ಟಿಯಾಗಿತ್ತು, ಅದಕ್ಕೆ ತೊಳೆದೆ ಎಂದಿದ್ದರು. ಒಳ್ಳೆಯ ಕೆಲಸವೇ ತಾನೇ?

ಮೆಕ್ಯಾನಿಕ್ ಸ್ಟೂಲ್ ಎಳೆದು ಕೂರಿಸಿ ವಿವರಿಸಿದರು. ಫಿಲ್ಟರ್ ಕಟ್ಟಿಕೊಂಡಿದ್ದರಿಂದ ಎಂಜಿನ್ನಿಗೆ ಗಾಳಿ ಕಡಿಮೆಯಾಗಿತ್ತು, ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಹೋಗುತ್ತಿತ್ತು. ಗಾಳಿಯಿಲ್ಲದ ಸೌದೆ ಒಲೆ ಹೊಗೆಯಾಡುವಂತೆ ಅದೂ ಹೊಗೆಯಾಡಿತು. ಆಗ ತೆಗೆಯಬೇಕಾಗಿದ್ದು ಫಿಲ್ಟರಿನ ಹೊಟ್ಟನ್ನು. ನಾನು ಅದನ್ನು ಬಿಟ್ಟು ಪೆಟ್ರೋಲನ್ನು ಕಡಿಮೆ ಮಾಡಿದೆ. ಕಡಿಮೆ ಗಾಳಿಗೆ ಕಡಿಮೆ ಪೆಟ್ರೋಲ್, ಲೆಕ್ಕ ಹೇಗೋ ಸರಿಹೋಯಿತು. ಮೂರು ದಿನ ಕಳೆದು ಫಿಲ್ಟರ್ ತೊಳೆದಾಗ ಗಾಳಿ ಪೂರ್ತಿ ಬಂತು, ಪೆಟ್ರೋಲ್ ಮಾತ್ರ ನಾನು ಬಿಗಿದಿಟ್ಟಷ್ಟೇ ಉಳಿಯಿತು. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಸೇರಿ ಹೋಗಬೇಕು. ಮುಂದುಗಡೆ ಇರುವ ಎಣ್ಣೆ ಟ್ಯಾಂಕ್ ಚೈನಿಗೆ ಮಾತ್ರ, ಎಂಜಿನ್ನಿಗಲ್ಲ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಅದೇ ಹೊತ್ತಿಗೆ ಎಂಜಿನ್ ವೇಗವಾಗಿ ಓಡುತ್ತದೆ, ಬಿಸಿಯೂ ಹೆಚ್ಚುತ್ತದೆ. ನನಗೆ ಖುಷಿ ಕೊಟ್ಟಿದ್ದ ಆ ಚೂಪು ದನಿ ಎಂಜಿನ್ ಒಣಗಿ ಓಡುವ ದನಿಯಾಗಿತ್ತು.

"ಮೊದಲು ಗಾಳಿ ನೋಡಿ, ಆಮೇಲೆ ಪೆಟ್ರೋಲ್, ಆಮೇಲೆ ಕಿಡಿ. ಸ್ಕ್ರೂ ಕೊನೆಗೆ. ಬೇರೆ ಯಾವುದೋ ತಪ್ಪನ್ನು ಮುಚ್ಚಲು ಸ್ಕ್ರೂ ತಿರುಗಿಸಬೇಡಿ ಅಕ್ಕಾ" ಎಂದರು. ನಾನು ಮರೆತರೂ ಕಣ್ಣಿಗೆ ಬೀಳಲಿ ಎಂದು ಆ ಮಾತನ್ನು ಕಾಗದದಲ್ಲಿ ಬರೆದು ಸಲಕರಣೆ ಇಡುವ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ.

ಹೊಸ ಸಿಲಿಂಡರ್, ಪಿಸ್ಟನ್ ಹಾಕಿಸಿಕೊಂಡು ಬರುವ ಮುನ್ನ ಅವರು ಇನ್ನೊಂದು ಕೆಲಸ ಮಾಡಿದರು. ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕಿನ ಮೇಲಿನ ಕವಚ ಬಿಚ್ಚಿದರೆ ಒಳಗೆಲ್ಲ ಎಣ್ಣೆ ಕುಡಿದ ಹೊಟ್ಟು ಮೆತ್ತಿಕೊಂಡಿತ್ತು. ಮುಂದಿನ ಗಾರ್ಡನ್ನು ತಳ್ಳಿದರೆ ಟಕ್ ಎಂದು ಬೀಳಬೇಕಾದ ಬ್ರೇಕು ಅರೆಮನಸ್ಸಿನಿಂದ ಚಲಿಸುತ್ತಿತ್ತು. ಚೈನು ಸುತ್ತಿ ಓಡುವ ಲೋಹದ ಅಲಗಿನ, ಅಂದರೆ ಬಾರಿನ, ತುದಿಯ ಮೇಲ್ಭಾಗ ಏನಕ್ಕಾದರೂ ತಗುಲಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಒದೆಯುತ್ತದೆ. ಆಗ ಕಾಯುವುದು ಈ ಬ್ರೇಕ್ ಒಂದೇ. ಅದನ್ನು ತೊಳೆದು, ಪಟ್ಟಿ ಸವೆದಿಲ್ಲ ಎಂದು ನೋಡಿ, ನನ್ನ ಕೈಯಿಂದಲೇ ಹತ್ತು ಸಲ ತಳ್ಳಿಸಿದ ಮೇಲೆಯೇ ಯಂತ್ರ ಕೊಟ್ಟರು. ಎಂಜಿನ್ ಹಾಳಾದರೆ ಹಣ ಹೋಗುತ್ತದೆ, ಬ್ರೇಕ್ ಹಾಳಾದರೆ ಮನುಷ್ಯ ಹೋಗುತ್ತಾನೆ. ಅದುವರೆಗೂ ನಾನು ಬ್ರೇಕನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ ಎನ್ನುವುದು ಈಗಲೂ ನನ್ನನ್ನು ಚುಚ್ಚುತ್ತದೆ.

ಮರುವಾರ ಅವರು ತೋಟದ ಕಡೆ ಬಂದವರು ನಮ್ಮ ಕಾಫಿ ಕಣದಲ್ಲಿ ನಿಂತು ಟ್ಯೂನಿಂಗ್ ಕಲಿಸಿಕೊಟ್ಟರು. ಕೊಯ್ಲು ಮುಗಿದು ಕಣ ಖಾಲಿಯಿತ್ತು. ತೆರೆದ ಜಾಗ, ಒಣ ಸೌದೆ ಹತ್ತಿರವಿಲ್ಲ, ಮಕ್ಕಳು ನಾಯಿಗಳು ಸುಳಿಯುವುದಿಲ್ಲ. ಪೆಟ್ರೋಲ್ ತುಂಬಿಸಿದ್ದು ಕಣದ ಆಚೆ ಮೂಲೆಯಲ್ಲಿ, ಸ್ಟಾರ್ಟ್ ಮಾಡಿದ್ದು ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ. ತುಂಬಿಸಿದ ಜಾಗದಲ್ಲೇ ಸ್ಟಾರ್ಟ್ ಮಾಡಬಾರದು, ಬಿಸಿ ಎಂಜಿನ್ನಿಗೆ ಪೆಟ್ರೋಲ್ ಸುರಿಯಬಾರದು. ಚೈನ್ ಬ್ರೇಕ್ ಹಾಕಿ, ಯಂತ್ರವನ್ನು ನೆಲಕ್ಕಿಟ್ಟು, ಹಿಂದಿನ ಹಿಡಿಯೊಳಗೆ ಬಲಗಾಲಿನ ಬೂಟು ತೂರಿಸಿ, ಎಡಗೈಯಿಂದ ಮುಂದಿನ ಹಿಡಿಯನ್ನು ಒತ್ತಿ ಹಿಡಿದು ಹಗ್ಗ ಎಳೆಯಬೇಕು. ಗಾಳಿಯಲ್ಲಿ ಎತ್ತಿ ಹಿಡಿದು ಕೆಳಗೆ ಜಾಡಿಸುತ್ತ ಸ್ಟಾರ್ಟ್ ಮಾಡುವ ಅಭ್ಯಾಸ ನಮ್ಮ ಕಡೆ ತುಂಬ ಇದೆ. ನಮ್ಮ ತೋಟದಲ್ಲಿ ಅದನ್ನು ನಿಲ್ಲಿಸಿದ್ದೇನೆ.

ಸ್ಟಾರ್ಟ್ ಮಾಡುವ ಮೊದಲು ಅಡಿಪಾಯ ಹಾಕಿದರು. ಎಲ್, ಎಚ್ ಎರಡನ್ನೂ ನಿಧಾನವಾಗಿ ಒಳಕ್ಕೆ ತಿರುಗಿಸಿ, ತಳ ಮುಟ್ಟಿತು ಎಂದು ಬೆರಳಿಗೆ ತಿಳಿದೊಡನೆ ನಿಲ್ಲಿಸುವುದು. ಅಲ್ಲಿ ಒಂದಿಷ್ಟು ಒತ್ತಿದರೂ ಸ್ಕ್ರೂವಿನ ಸೂಜಿಯಂಥ ತುದಿ ತನ್ನ ಕುಳಿಯನ್ನು ಹಾಳುಮಾಡುತ್ತದೆ, ಆಮೇಲೆ ಕಾರ್ಬುರೇಟರ್ ಯಾವತ್ತೂ ಸರಿಯಾಗುವುದಿಲ್ಲ. ತಳದಿಂದ ಎರಡನ್ನೂ ಒಂದೊಂದು ಸುತ್ತು ಹೊರಕ್ಕೆ. ನಮ್ಮ ಯಂತ್ರದ ಕೈಪಿಡಿ ಹೇಳುವ ಆರಂಭದ ಮಟ್ಟ ಇದು, ಪ್ರತಿ ಮಾದರಿಗೂ ಬೇರೆ ಇರಬಹುದು. ಆಮೇಲೆ ಮೂರು ನಾಲ್ಕು ನಿಮಿಷ ಎಂಜಿನ್ ಬಿಸಿಯಾಗಲು ಬಿಟ್ಟರು. ತಣ್ಣಗಿನ ಎಂಜಿನ್ನಿನ ದನಿ ಕೇಳಿ ಸ್ಕ್ರೂ ಹೊಂದಿಸಿದರೆ ಬಿಸಿಯಾದ ಮೇಲೆ ಎಲ್ಲ ತಪ್ಪುತ್ತದೆ.

ಮೊದಲು ಎಲ್. ಇದು ಆಕ್ಸಿಲರೇಟರ್ ಒತ್ತದೆ ಇರುವಾಗಿನ ಪೆಟ್ರೋಲನ್ನು ಹಿಡಿಯುತ್ತದೆ. ಒಳಕ್ಕೆ ತಿರುಗಿಸುತ್ತ ಹೋದರೆ ದನಿ ಏರಿ, ಒಂದು ಹಂತ ದಾಟಿದ ಮೇಲೆ ಉಸಿರು ಸಿಕ್ಕದವರಂತೆ ಕುಗ್ಗುತ್ತದೆ. ಹೊರಕ್ಕೆ ತಿರುಗಿಸಿದರೆ ಮತ್ತೆ ಏರಿ, ಆಮೇಲೆ ಗೊರಗೊರ ಎಂದು ಭಾರವಾಗುತ್ತದೆ. ಎರಡರ ನಡುವೆ ದನಿ ಅತಿ ಹೆಚ್ಚಿರುವ ಜಾಗ ಹಿಡಿದು, ಅಲ್ಲಿಂದ ಒಂದಿಷ್ಟು ಹೊರಕ್ಕೆ ಬಿಡಬೇಕು. ಪರೀಕ್ಷೆ ಸುಲಭ: ಆಕ್ಸಿಲರೇಟರನ್ನು ಒಮ್ಮೆಗೇ ಒತ್ತಿದರೆ ಎಂಜಿನ್ ತಡವರಿಸದೆ ಎದ್ದು ನಿಲ್ಲಬೇಕು. ನಮ್ಮದು ಮೊದಲ ಸಲ ಮುಗ್ಗರಿಸಿತು. ಇನ್ನು ಅರೆಕಾಲು ಸುತ್ತು ಹೊರಕ್ಕೆ ಬಿಟ್ಟಾಗ ಸರಿಹೋಯಿತು.

ಆಮೇಲೆ ಮೂರನೆಯದು, ಆಕ್ಸಿಲರೇಟರ್ ಒತ್ತದಿರುವಾಗಿನ ವೇಗ ಹಿಡಿಯುವ ಐಡಲ್ ಸ್ಕ್ರೂ. ಇದಕ್ಕೂ ಪೆಟ್ರೋಲಿಗೂ ಸಂಬಂಧವಿಲ್ಲ, ಗಾಳಿಯ ಬಾಗಿಲು ಎಷ್ಟು ತೆರೆದು ನಿಲ್ಲಬೇಕು ಎನ್ನುವುದಷ್ಟೇ. ಚೈನ್ ಬ್ರೇಕ್ ಬಿಡಿಸಿ, ಬಾರು ಯಾರ ಕಡೆಗೂ ಇರದಂತೆ ಹಿಡಿದು, ಚೈನು ತೆವಳಲು ಶುರುವಾಗುವವರೆಗೆ ಒಳಕ್ಕೆ ತಿರುಗಿಸಿ, ಅದು ಪೂರ್ತಿ ನಿಂತ ಮೇಲೂ ಒಂದಿಷ್ಟು ಹೊರಕ್ಕೆ ಬಿಡಬೇಕು. ಆಕ್ಸಿಲರೇಟರ್ ಬಿಟ್ಟಾಗ ಚೈನು ಕದಲಬಾರದು. ಇದರಲ್ಲಿ ಎಳ್ಳಷ್ಟೂ ರಾಜಿ ಇಲ್ಲ. ಕಾಫಿ ಗಿಡಗಳ ಸಾಲಿನಲ್ಲಿ ಇಳಿಜಾರಿನಲ್ಲಿ ಗರಗಸ ಹಿಡಿದು ನಡೆಯುವವರ ಕಾಲು ಜಾರುವುದಕ್ಕೆ ಒಂದು ಒದ್ದೆ ಎಲೆ ಸಾಕು.

ಕೊನೆಗೆ ಎಚ್, ಪೂರ್ತಿ ವೇಗದಲ್ಲಿನ ಪೆಟ್ರೋಲನ್ನು ಹಿಡಿಯುವ, ನನ್ನನ್ನು ಕೆಡಿಸಿದ್ದ ಸ್ಕ್ರೂ. ಅದನ್ನು ಮುಟ್ಟುವಾಗ ಬೆರಳು ನಡುಗುತ್ತಿತ್ತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎರಡು ಮೂರು ಸೆಕೆಂಡಷ್ಟೇ ಕೇಳಬೇಕು, ಹೊರೆಯಿಲ್ಲದೆ ಹೆಚ್ಚು ಹೊತ್ತು ಪೂರ್ತಿ ಓಡಿಸಬಾರದು. ಚೈನ್ ಬ್ರೇಕ್ ಹಾಕಿಕೊಂಡು ಪೂರ್ತಿ ಒತ್ತುವುದಂತೂ ಕೂಡದು, ಕ್ಲಚ್ ಸುಟ್ಟುಹೋಗುತ್ತದೆ. ಮೆಕ್ಯಾನಿಕ್ ಮೊದಲು ಒಳಕ್ಕೆ ಬಿಗಿದು ಒಂದು ಕ್ಷಣ ಕೇಳಿಸಿದರು: ಅದೇ ಕೀರಲು, ಅದೇ ಕುಕ್ಕರಿನ ದನಿ. ಎದೆ ಧಸಕ್ಕೆಂದಿತು. ಆಮೇಲೆ ಹೊರಕ್ಕೆ ಬಿಡುತ್ತ ಬಂದರು. ಕಾಲು ಸುತ್ತು ಹೊರಗೆ ಬಂದಾಗ ಚೂಪು ದನಿಯ ಮೇಲೆ ಇನ್ನೊಂದು ಒರಟು ದನಿ ಕೂತಿತು, ದಪ್ಪ ಬಟ್ಟೆ ಹರಿಯುವಾಗಿನ ಬುರ್‌ಬುರ್ ಸದ್ದಿನ ಹಾಗೆ. ಪೆಟ್ರೋಲ್ ತುಸು ಹೆಚ್ಚಾಗಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಉರಿಯುವ ದನಿ ಅದು. ಟೂ ಸ್ಟ್ರೋಕ್ ಎಂಜಿನ್ ಆ ಕ್ಷಣಕ್ಕೆ ಫೋರ್ ಸ್ಟ್ರೋಕಿನಂತೆ ಕೇಳುತ್ತದೆ. "ಈಗ ಮರಕ್ಕೆ ಹಚ್ಚಿ" ಎಂದರು. ಹಲಸಿನ ಬೊಡ್ಡೆಗೆ ಹಚ್ಚಿದೊಡನೆ ಬುರ್‌ಬುರ್ ಅಳಿಸಿ ದನಿ ಶುದ್ಧವಾಯಿತು. ಎತ್ತಿದರೆ ಮತ್ತೆ ಬುರ್‌ಬುರ್. ಹಚ್ಚಿದರೆ ಶುದ್ಧ. ಏಳೆಂಟು ಸಲ ಹಾಗೆ ಮಾಡಿಸಿದರು. ಮರದೊಳಗೂ ಬುರ್‌ಬುರ್ ಉಳಿದರೆ ಪೆಟ್ರೋಲ್ ಹೆಚ್ಚು. ಗಾಳಿಯಲ್ಲೂ ಶುದ್ಧವಾಗಿ ಕೂಗಿದರೆ ಅಪಾಯ.

ಕಿವಿಯ ಜೊತೆಗೆ ಎಂಜಿನ್ ವೇಗ ಅಳೆಯುವ ಒಂದು ಟ್ಯಾಕೋಮೀಟರ್ ಸಹ ಇಟ್ಟುಕೊಂಡಿದ್ದೇನೆ. ಸ್ಪಾರ್ಕ್ ಪ್ಲಗ್ ವೈರಿಗೆ ಒಂದೆರಡು ಸುತ್ತು ಸುತ್ತಿದರೆ ವೇಗ ತೋರಿಸುತ್ತದೆ. ನಮ್ಮ ಯಂತ್ರಕ್ಕೆ ನಿಮಿಷಕ್ಕೆ ಐಡಲ್ 2,700, ಗರಿಷ್ಠ 12,500 ಸುತ್ತು ಎಂದು ಕೈಪಿಡಿಯಲ್ಲಿದೆ. ನಾನು ಗರಿಷ್ಠವನ್ನು ಮುಟ್ಟಿಸುವುದಿಲ್ಲ, ಕೆಲವು ನೂರು ಸುತ್ತು ಕೆಳಗೇ ನಿಲ್ಲಿಸುತ್ತೇನೆ. ಹೊಸಬರು ಕಿವಿಯೊಂದನ್ನೇ ನಂಬದೆ ಮೀಟರ್ ಕೊಳ್ಳುವುದು ಒಳ್ಳೆಯದು. ಕಿವಿಗೆ ಮುಚ್ಚಳ ಹಾಕದೆ ಇದನ್ನು ಮಾಡಬೇಡಿ. ನೂರು ಡೆಸಿಬೆಲ್ ದಾಟುವ ಸದ್ದು ಇದು, ಮುಚ್ಚಳ ಹಾಕಿದರೂ ಬುರ್‌ಬುರ್ ಚೆನ್ನಾಗಿಯೇ ಕೇಳಿಸುತ್ತದೆ. ಹೊಸ ಮಾದರಿಗಳಲ್ಲಿ ಈ ಸ್ಕ್ರೂಗಳೇ ಇಲ್ಲದೆ ಎಲೆಕ್ಟ್ರಾನಿಕ್ ವ್ಯವಸ್ಥೆಯೇ ಹೊಂದಿಸಿಕೊಳ್ಳುವುದೂ ಇದೆ. ಅಂಥದ್ದು ಇರುವವರಿಗೆ ಈ ಭಾಗ ಬೇಕಿಲ್ಲ.

ಇನ್ನು ಪೆಟ್ರೋಲಿನ ವಿಷಯ. ಇದನ್ನು ನಾನು ಒಂದು ವರ್ಷ ತಡವಾಗಿ ಕಲಿತೆ.

ಜೂನ್ ಮೊದಲ ವಾರ ಬೆರೆಸಿಟ್ಟ ಎರಡು ಲೀಟರ್ ಪೆಟ್ರೋಲ್ ಕ್ಯಾನಿನಲ್ಲಿ ಉಳಿದಿತ್ತು. ಆಗಸ್ಟಿನಲ್ಲಿ ದಾರಿಗೆ ಮರ ಬಿದ್ದಾಗ ಅದನ್ನೇ ತುಂಬಿಸಲು ಹೊರಟೆ. ಮನಸ್ಸು ಒಪ್ಪಲಿಲ್ಲ, ಸ್ವಲ್ಪವನ್ನು ಗಾಜಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿದೆ. ಮೇಲೆ ಎಣ್ಣೆಯ ಬಣ್ಣ ಸೇರಿದ ಪೆಟ್ರೋಲ್, ತಳದಲ್ಲಿ ಬೆರಳಗಲ ಮಬ್ಬಾದ ನೀರಿನಂಥ ಇನ್ನೊಂದು ಪದರ. ಅಲುಗಿಸಿದರೆ ಕದಡಿ ಸ್ವಲ್ಪ ಹೊತ್ತಿಗೆ ಮತ್ತೆ ಬೇರೆಯಾಗುತ್ತಿತ್ತು. ಪೆಟ್ರೋಲಿಗೆ ಸೇರಿಸುವ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ನೀರಿಗೇನು ಬರ? ಹೀರಿದ್ದು ಹೆಚ್ಚಾದಾಗ ಎಥೆನಾಲ್ ನೀರಿನೊಂದಿಗೆ ಸೇರಿ ತಳಕ್ಕೆ ಇಳಿಯುತ್ತದೆ. ಎಣ್ಣೆ ಉಳಿಯುವುದು ಮೇಲಿನ ಪೆಟ್ರೋಲಿನಲ್ಲಿ. ಗರಗಸದ ಟ್ಯಾಂಕಿನೊಳಗೆ ಪೆಟ್ರೋಲ್ ಹೀರುವ ಪುಟ್ಟ ಫಿಲ್ಟರ್ ಭಾರವಾಗಿ ತಳದಲ್ಲೇ ಮಲಗಿರುತ್ತದೆ. ಅಂದರೆ ಎಂಜಿನ್ ಮೊದಲು ಕುಡಿಯುವುದು ಎಣ್ಣೆಯಿಲ್ಲದ ಆ ತಳದ ಪದರವನ್ನು. ಹಿಂದಿನ ವರ್ಷ ಕಂಡಿದ್ದ ಪಿಸ್ಟನ್ನಿನ ಗೀರುಗಳು ಕಣ್ಣ ಮುಂದೆ ಬಂದವು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್. ನಮ್ಮ ಗರಗಸದ ಕೈಪಿಡಿ ಶೇ 10ಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ. ಬಂಕಿನ ಪೆಟ್ರೋಲಿನಲ್ಲಿ ಎಷ್ಟಿದೆ ಎಂದು ಸ್ವತಃ ನೋಡಿಯೇ ಬಿಡೋಣ ಎಂದು, ಔಷಧ ಸಿಂಪಡಣೆಗೆ ಇಟ್ಟಿದ್ದ 100 ಮಿ.ಲೀ. ಅಳತೆಯ ಗಾಜಿಗೆ 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ ಅಂಗಳದಲ್ಲಿ ಕಲಕಿ ಇಟ್ಟೆ. ಹತ್ತರ ಗೆರೆಯಲ್ಲಿದ್ದ ನೀರಿನ ಮಟ್ಟ ಇಪ್ಪತ್ತೈದನ್ನು ದಾಟಿ ನಿಂತಿತು. ಏರಿದ್ದೆಲ್ಲ ಎಥೆನಾಲ್. ಅದು ತನ್ನೊಳಗೇ ಆಮ್ಲಜನಕ ಹೊತ್ತಿರುವುದರಿಂದ, ಹಳೆಯ ಪೆಟ್ರೋಲಿಗೆ ಸ್ಕ್ರೂ ಹೊಂದಿಸಿದ ಎಂಜಿನ್ ಈ ಪೆಟ್ರೋಲಿಗೆ ತುಸು ಒಣಗಿ ಓಡುತ್ತದೆ. ಕಾರ್ಬುರೇಟರಿನೊಳಗಿನ ರಬ್ಬರ್ ಪರದೆ, ಪೈಪುಗಳು ಬೇಗ ಗಡುಸಾಗುವುದನ್ನೂ ಕಂಡಿದ್ದೇನೆ. ಗರಗಸವನ್ನು ಅಡ್ಡ, ತಲೆಕೆಳಗು ಹೇಗೆ ಹಿಡಿದರೂ ಓಡಬೇಕಾದ್ದರಿಂದ ಕಾರ್ಬುರೇಟರ್ ಇರುವ ಹಳೆಯ ಬೈಕುಗಳಲ್ಲಿರುವಂಥ, ಪೆಟ್ರೋಲ್ ಮಟ್ಟ ಹಿಡಿಯುವ ತೇಲುಬುರುಡೆ ಇದರಲ್ಲಿ ಇರುವುದಿಲ್ಲ, ಪೆಟ್ರೋಲನ್ನು ಅಳೆದು ಬಿಡುವುದು ಆ ತೆಳು ಪರದೆಯೇ. ಅದು ಗಡುಸಾದರೆ ಯಾವ ಸ್ಕ್ರೂ ತಿರುಗಿಸಿಯೂ ಪ್ರಯೋಜನವಿಲ್ಲ.

ಈಗ ಒಂದು ಸಲಕ್ಕೆ ಒಂದೇ ಲೀಟರ್ ಬೆರೆಸುತ್ತೇನೆ. ಸೂಜಿ ತೆಗೆದ ಸಿರಿಂಜಿನಿಂದ 20 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ, ಅಂದರೆ ಐವತ್ತಕ್ಕೆ ಒಂದು. ಒಂದು ಗುಟುಕು ಹೆಚ್ಚೇ ಇರಲಿ ಎಂದು ಸುರಿಯುವುದೂ ತಪ್ಪು, ಪ್ಲಗ್ಗು ಸೈಲೆನ್ಸರು ಮಸಿ ಕಟ್ಟುತ್ತವೆ. ಕ್ಯಾನಿನ ಮೇಲೆ ಬೆರೆಸಿದ ದಿನಾಂಕ ಬರೆದಿಡುತ್ತೇನೆ, ತಿಂಗಳು ದಾಟಿದ್ದನ್ನು ಗರಗಸಕ್ಕೆ ಹಾಕುವುದಿಲ್ಲ. ಕೆಲಸದ ಕಾಲ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ತೀರಿ ತಾನೇ ಆರುವವರೆಗೆ ಐಡಲಿನಲ್ಲಿ ಓಡಿಸಿ ಇಡುತ್ತೇನೆ. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಇಡುವುದನ್ನು ಮನೆಯಲ್ಲಿ ಪೂರ್ತಿ ನಿಷೇಧಿಸಿದ್ದೇನೆ. ಬಾಯಾರಿದ ಆಳು ಅಥವಾ ಮಗು ಕೈಗೆ ಸಿಕ್ಕಿದ್ದನ್ನು ಎತ್ತಿ ಕುಡಿದರೆ ಏನು ಗತಿ?

ಮುಂದಿನ ಏಪ್ರಿಲಿನಲ್ಲಿ ಹಿರಿಯ ಆಳು ಮತ್ತೆ ಬಂದು "ಅಮ್ಮಾ, ಮಿಷನ್ನಿಗೆ ಶಕ್ತಿಯೇ ಇಲ್ಲ, ಸ್ಕ್ರೂ ಸ್ವಲ್ಪ ತಿರುಗಿಸಿ" ಎಂದರು. ಸ್ಕ್ರೂಗೆ ಕೈ ಹಾಕದೆ ಅವರ ಅಂಗಿಯ ತೋಳನ್ನು ನೋಡಿದೆ. ರಾಗಿ ಹಿಟ್ಟು ಚೆಲ್ಲಿದ ಹಾಗೆ ನುಣ್ಣನೆಯ ಪುಡಿ. ಹರಿತ ಚೈನು ಕೊಯ್ದರೆ ಬೀಳಬೇಕಾದದ್ದು ಚಕ್ಕೆ, ಹಿಟ್ಟಲ್ಲ. ಚೈನು ಮೊಂಡಾಗಿತ್ತು, ಅದಕ್ಕೆ ಅವರು ಮೈಭಾರ ಹಾಕಿ ಒತ್ತುತ್ತಿದ್ದರು, ಎಂಜಿನ್ ಬಳಲುತ್ತಿತ್ತು. ಎಂಜಿನ್ ನಿಲ್ಲಿಸಿ, ಪ್ಲಗ್ ಕ್ಯಾಪ್ ಕಳಚಿ, ದಪ್ಪ ಕೈಗವಸು ಹಾಕಿ ಕೂತೆ. ನಮ್ಮ .325 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿ.ಮೀ. ದುಂಡು ಅರ. ಹಲ್ಲಿನ ಮೇಲೆ ಕೊರೆದಿರುವ ಓರೆ ಗೆರೆಗೆ ಸರಿಯಾಗಿ, ಒಳಗಿನಿಂದ ಹೊರಕ್ಕೆ, ಒಂದೊಂದು ಹಲ್ಲಿಗೂ ಮೂರೇ ಮೂರು ಸಲ ಅರ ತಳ್ಳುವುದು. ಒಂದು ಬದಿಯ ಹಲ್ಲುಗಳು ಹೆಚ್ಚು ಸವೆದರೆ ಗರಗಸ ಮರದೊಳಗೆ ಬಾಗಿ ಹೋಗುತ್ತದೆ. ಅರ್ಧ ಗಂಟೆಯ ಕೆಲಸ. ಮತ್ತೆ ಹಚ್ಚಿದಾಗ ಅವಲಕ್ಕಿಯಂಥ ಚಕ್ಕೆಗಳು ಹಾರಿದವು. ಸ್ಕ್ರೂ ಇದ್ದಲ್ಲೇ ಇತ್ತು. ಅಂದಿನಿಂದ ಅವರು ಸಂಜೆ ಮನೆಗೆ ಹೊರಡುವ ಮುನ್ನ ತಾವೇ ಅರ ಹಿಡಿದು ಕೂರುತ್ತಾರೆ, ಬಿಸಿ ಚೈನನ್ನು ಸಡಿಲಿಸಿಯೇ ಹೋಗುತ್ತಾರೆ. ಬಿಗಿಯಾಗಿಯೇ ಬಿಟ್ಟರೆ ತಣಿದು ಕುಗ್ಗಿದ ಚೈನು ಬೇರಿಂಗುಗಳನ್ನು ಜಗ್ಗುತ್ತದೆ.

ಅವರ ಜೊತೆ ಇನ್ನೂ ಒಂದು ವಿಷಯಕ್ಕೆ ಜಗಳವಾಡಿದ್ದೇನೆ. ಮರ ಹತ್ತಿ ಒಂದು ಕೈಯಲ್ಲಿ ಕೊಂಬೆ, ಇನ್ನೊಂದು ಕೈಯಲ್ಲಿ ಗರಗಸ ಹಿಡಿದು ಕೊಯ್ಯುವುದು ನಮ್ಮಲ್ಲಿ ಬೇಡ ಎಂದೆ. ಮರದ ಮೇಲೆ ಕತ್ತಿ, ನೆಲದ ಮೇಲೆ ಗರಗಸ. ತೊಡೆಗೆ ಕಟ್ಟುವ ರಕ್ಷಾಕವಚ ಸೆಕೆಯೆಂದು ಅವರಿಗೆ ಇಷ್ಟವಿಲ್ಲ. ನಾನೇ ಕಟ್ಟಿಕೊಂಡು ಬೊಡ್ಡೆ ಕೊಯ್ದು ತೋರಿಸಿದ ಮೇಲೆ ಕಟ್ಟುತ್ತಿದ್ದಾರೆ.

ಈ ಸಲ ಅಡಿಕೆ ತೋಟದಲ್ಲಿ ಬಿದ್ದ ಮರ ಕೊಯ್ಯಲು ಉಜಿರೆಯ ಭಾವ ಗರಗಸ ಕೇಳಿದರು. ಅಕ್ಕನ ಮನೆ, ಇಲ್ಲ ಎನ್ನಲಾಗುವುದಿಲ್ಲ. ಆದರೆ ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಚಾರ್ಮಾಡಿ ಘಾಟಿ ಇಳಿದರೆ ಗಾಳಿ ದಟ್ಟ. ಇಲ್ಲಿನ ತೆಳು ಗಾಳಿಗೆ ಹೊಂದಿಸಿದ ಪೆಟ್ರೋಲ್ ಅಲ್ಲಿ ಸಾಲದೆ ಹೋಗುತ್ತದೆ. ಫಿಲ್ಟರ್ ತೊಳೆದಾಗ ನಡೆದ ಕಥೆಯೇ ಮತ್ತೆ. ಸ್ಕ್ರೂ ತಲೆಯ ಪಕ್ಕ ಬಿಳಿ ಬಣ್ಣದಿಂದ ಈಗಿನ ಮಟ್ಟದ ಗುರುತು ಹಾಕಿ, ಎಚ್ ಅನ್ನು ಅರೆಕಾಲು ಸುತ್ತು ಹೊರಕ್ಕೆ ಬಿಟ್ಟು ಕಳಿಸಿದೆ. ಮರದಿಂದ ಎತ್ತಿದಾಗ ಬುರ್‌ಬುರ್ ಕೇಳಲೇಬೇಕು, ಕೇಳದಿದ್ದರೆ ನಿಲ್ಲಿಸಿ ನನಗೆ ಫೋನ್ ಮಾಡಿ ಎಂದು ಹೇಳಿದ್ದೆ.

ಮಧ್ಯಾಹ್ನ ಫೋನ್ ಬಂತು. ಬುರ್‌ಬುರ್ ಇದೆ, ಆದರೆ ತನಗೆ ಧೈರ್ಯ ಸಾಲದು ಎಂದರು. ಒಂದು ಬೊಡ್ಡೆ ಪೂರ್ತಿ ಕೊಯ್ದು, ಐಡಲಿಗೆ ಬಿಡದೆ ಆಗಲೇ ಆರಿಸಿ, ತಣಿದ ಮೇಲೆ ಪ್ಲಗ್ ಬಿಚ್ಚಿ ಫೋಟೊ ಕಳಿಸಿ ಎಂದೆ. ಅರ್ಧ ಗಂಟೆಗೆ ವಾಟ್ಸ್ಆ್ಯಪ್‌ನಲ್ಲಿ ಬಂತು. ಅವರ ಅಂಗೈ ಮೇಲೆ ಪ್ಲಗ್ಗು, ಅರ್ಧ ಮಿಲಿಮೀಟರ್ ಗ್ಯಾಪು ಹಾಗೇ ಇದೆ. ಬಿಳಿಚಿಕೊಂಡಿದ್ದರೆ ಒಣಗಿ ಓಡಿದೆ, ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು. ಫೋಟೊವನ್ನು ಹಿಗ್ಗಿಸಿ ನೋಡಿದೆ. ನಡುವಿನ ಪಿಂಗಾಣಿ ಹದವಾಗಿ ಹುರಿದ ಕಾಫಿ ಬೀಜದ ಬಣ್ಣಕ್ಕಿತ್ತು.

"ಸರಿ ಇದೆಯೇನಮ್ಮ?" ಎಂದು ಭಾವ ಕೇಳಿದರು.

"ಸರಿ ಇದೆ ಭಾವ. ಘಾಟಿ ಹತ್ತಿ ವಾಪಸ್ ಬಂದ ಮೇಲೆ ಬಿಳಿ ಗುರುತಿಗೆ ನಾನೇ ತರುತ್ತೇನೆ, ನೀವು ಮುಟ್ಟಬೇಡಿ" ಎಂದೆ.